ಮೂರು ಬಾಂಡ್ಲಿ ಡಾಂಬರು

ಆ ವರ್ಷ ಡಾಂಬರು ಗಟ್ಟಿ ಬರುತ್ತಿದೆ ಎಂದು ಮೊದಲು ಹೇಳಿದವನು ಅವಳ ಅಣ್ಣನೇ.

ಅವನು ರಸ್ತೆ ಹಾಕುವ ತಂಡದಲ್ಲಿ ರೇಕು ಹಿಡಿಯುವವನು. ಟಿಪ್ಪರ್ ಬಂದು ಹಬೆಯಾಡುವ ಡಾಂಬರು ಜಲ್ಲಿಯನ್ನು ಪೇವರ್ ಯಂತ್ರದ ಬಾಯಿಗೆ ಸುರಿಯುತ್ತದೆ, ಯಂತ್ರ ಅದನ್ನು ಹಾಸಿಕೊಂಡು ಹೋಗುತ್ತದೆ. ಆದರೆ ರಸ್ತೆಯ ಅಂಚು, ಮೂಲೆ, ಚರಂಡಿ ಮುಚ್ಚಳದ ಸುತ್ತಲಿನ ಜಾಗ, ನಿನ್ನೆ ಹಾಕಿದ್ದೂ ಇವತ್ತು ಹಾಕಿದ್ದೂ ಕೂಡುವ ಜಾಗ, ಇವು ಯಾವುವೂ ಯಂತ್ರಕ್ಕೆ ಬಗ್ಗುವುದಿಲ್ಲ. ಅಲ್ಲಿಗೆ ಉದ್ದ ಹಿಡಿಯ, ಹಲ್ಲುಗಳಿರುವ ಕಬ್ಬಿಣದ ರೇಕು ಹಿಡಿದ ಮನುಷ್ಯನೇ ಬೇಕು. ಡಾಂಬರು ಆರುವುದರೊಳಗೆ, ರೋಲರ್ ಹತ್ತುವುದರೊಳಗೆ, ಎಳೆದು, ತಳ್ಳಿ, ಸವರಿ ಸಮ ಮಾಡಬೇಕು. ಅಣ್ಣ ಮೂವತ್ತು ವರ್ಷ ಅದನ್ನೇ ಮಾಡಿದ್ದ. ಅವನು ಕೈಯಾಡಿಸಿದ ಜಾಗ ಇಸ್ತ್ರಿ ಹಾಕಿದ ಬಟ್ಟೆಯ ಹಾಗಿರುತ್ತಿತ್ತು. ಅದಕ್ಕೇ ತಂಡದವರ ಬಾಯಲ್ಲಿ ಅವನ ಹೆಸರೇ ಇಸ್ತ್ರಿ. ಹೊಸದಾಗಿ ಸೇರಿದವರು ಇಸ್ತ್ರಿ ಅಂದರೆ ಯಾರು ಎಂದು ಕೇಳಿದರೆ ಮೇಸ್ತ್ರಿ, "ಅಂಗಿ ನೋಡಿ ಹುಡುಕಬೇಡ, ಜನ್ಮದಲ್ಲಿ ಸಿಗಲ್ಲ. ರಸ್ತೆ ನೋಡಿ ಹುಡುಕು" ಎನ್ನುತ್ತಿದ್ದ.

ತಂಗಿ ಅದೇ ಕಂಪನಿಯ ಪ್ರಯೋಗಾಲಯದಲ್ಲಿದ್ದಳು. ಡಾಂಬರು ಕಾಯಿಸುವ ಪ್ಲಾಂಟಿನ ಪಕ್ಕದಲ್ಲಿ ತಗಡಿನ ಚಾವಣಿಯ ಎರಡು ಕೋಣೆ. ಒಂದರಲ್ಲಿ ಓವನ್ನುಗಳು, ಜರಡಿಗಳ ಸಾಲು, ಒರೆಸಿದರೂ ಕಪ್ಪು ಬಿಡದ ಮೇಜು. ಇನ್ನೊಂದರಲ್ಲಿ ಹದ ನೋಡುವ ಯಂತ್ರ. ಬಿಸಿ ಮಿಶ್ರಣವನ್ನು ಅದರ ಪಾತ್ರೆಗೆ ಹಾಕಿದರೆ ಒಳಗಿನ ಉಕ್ಕಿನ ಹುಟ್ಟು ಒಂದೇ ವೇಗದಲ್ಲಿ ಕಲಕುತ್ತಾ ಇರುತ್ತದೆ. ಮಿಶ್ರಣ ಆರುತ್ತಾ ಹೋದ ಹಾಗೆ ಗಟ್ಟಿಯಾಗಿ ಹುಟ್ಟನ್ನು ಹಿಡಿದುಕೊಳ್ಳುತ್ತದೆ. ತಿರುಗಿಸಲು ಎಷ್ಟು ಬಲ ಬೇಕಾಯಿತು ಎಂಬುದು ಪರದೆಯ ಮೇಲೆ ಗೆರೆಯಾಗಿ ಏರುತ್ತದೆ. ಗೆರೆ ಬೇಗ ಏರಿದರೆ ಆ ಡಾಂಬರು ರಸ್ತೆಯಲ್ಲಿ ಮಾತು ಕೇಳುವುದಿಲ್ಲ ಎಂದು ಅರ್ಥ. ಲ್ಯಾಬಿನವರು ಆ ಯಂತ್ರವನ್ನು ಕಡೆಗೋಲು ಎನ್ನುತ್ತಿದ್ದರು. "ಬೆಳಗಿಂದ ಕಡೀತಾ ಕೂತಿದೀಯ, ಬೆಣ್ಣೆ ಬಂತಾ?" ಎಂದು ಅಣ್ಣ ಕಿಟಕಿಯಿಂದ ಇಣುಕಿ ಕೇಳುತ್ತಿದ್ದ.

ಅವಳನ್ನು ಸಾಕಿದ್ದೂ ಅವನೇ. ಅಪ್ಪ ಅವಳ ನೆನಪಿಗೇ ಬಾರದಷ್ಟು ಮೊದಲು ಹೋಗಿದ್ದ. ಅಮ್ಮ ಹೋದಾಗ ಅವಳಿಗೆ ಏಳು, ಅವನಿಗೆ ಇಪ್ಪತ್ತು. ಓದುವುದನ್ನು ಬಿಟ್ಟು ಡಾಂಬರಿನ ತಂಡ ಸೇರಿದ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ತಂಗಿಯ ಜಡೆ ಹಾಕುತ್ತಿದ್ದ. ಕೈಗಂಟಿದ ಡಾಂಬರು ಸೀಮೆಎಣ್ಣೆಗಲ್ಲದೆ ಬಿಡುತ್ತಿರಲಿಲ್ಲ. ಹಿಂದಿನ ಸಂಜೆ ಎಷ್ಟು ಸೋಪು ಹಾಕಿ ತಿಕ್ಕಿದರೂ ವಾಸನೆ ಉಳಿಯುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಅವಳ ಜಡೆ ಮೂಸಿ, ದೀಪ ಹತ್ತಿರ ತರಬೇಡ್ರೇ, ಹೊತ್ಕೊಳ್ಳತ್ತೆ ಎಂದು ನಗುತ್ತಿದ್ದರು. ಮನೆಗೆ ಬಂದು ಅತ್ತಾಗ ಅವನು, "ನಾಳೆಯಿಂದ ಬೇರೆ ಥರ ಹಾಕ್ತೀನಿ, ನಾಲ್ಕು ಎಳೆ ಹಾಕ್ತೀನಿ, ಅವರಿಗೆ ಯಾರಿಗೂ ಬರಲ್ಲ" ಎಂದ. ಎಲ್ಲಿಂದಲೋ ಕಲಿತುಕೊಂಡು ಹಾಕಿಯೂ ಹಾಕಿದ. ಆಮೇಲೆ ಅವಳನ್ನು ಡಿಪ್ಲೊಮಾ ಓದಿಸಿದ. ತಾನು ಮದುವೆಯಾಗಿದ್ದು ಅವಳಿಗೆ ಕೆಲಸ ಸಿಕ್ಕಿದ ಮೇಲೆ. ಮಕ್ಕಳಾಗಲಿಲ್ಲ. "ನಿಮ್ಮಣ್ಣನಿಗೆ ಮಗಳು ಮೊದಲೇ ಇದ್ದಳಲ್ಲ" ಎಂದು ಅತ್ತಿಗೆ ಒಮ್ಮೊಮ್ಮೆ ಹೇಳುವುದಿತ್ತು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ.

ಇಂಥ ಅಣ್ಣ ಡಾಂಬರು ಗಟ್ಟಿ ಎಂದರೆ ಗಟ್ಟಿಯೇ. ಯಾರೂ ಎರಡು ಮಾತಾಡಲಿಲ್ಲ.

ಅನುಮಾನಕ್ಕೆ ಕಾರಣವೂ ಇತ್ತು. ಆ ವರ್ಷ ಕಂಪನಿ ಮಿಶ್ರಣಕ್ಕೆ ಹೊಸದೊಂದು ಪುಡಿ ಸೇರಿಸಲು ಶುರು ಮಾಡಿತ್ತು. ಅದನ್ನು ಹಾಕಿದರೆ ಡಾಂಬರನ್ನು ಮೊದಲಿನಷ್ಟು ಕಾಯಿಸಬೇಕಾಗಿಲ್ಲ, ಮೂವತ್ತು ಡಿಗ್ರಿ ಕಡಿಮೆ ಬಿಸಿಯಲ್ಲೇ ಹಾಸಬಹುದು, ಹೊಗೆ ಕಡಿಮೆ, ಕೆಲಸದವರ ಎದೆಗೂ ಒಳ್ಳೆಯದು. ಆ ಪುಡಿ ಎಷ್ಟು ಹಾಕಬೇಕು ಎಂದು ನಾಲ್ಕು ತಿಂಗಳು ಕಡೆಗೋಲಿನ ಮುಂದೆ ಕೂತು ಗೊತ್ತು ಮಾಡಿದವಳು ತಂಗಿಯೇ. ಮಾಡುವಾಗಲೆಲ್ಲ ಅವಳ ಕಣ್ಣ ಮುಂದೆ ಇದ್ದದ್ದು ಹಬೆಯೊಳಗೆ ಬಗ್ಗಿ ನಿಂತ ಅಣ್ಣ.

"ಪುಟ್ಟೀ, ನಿನ್ನ ಪುಡಿ ಯಾಕೋ ಸರಿ ಇಲ್ಲ ಕಣೆ" ಎಂದು ಅವನು ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿದ. ಊಟದ ಡಬ್ಬಿ ಕಂಕುಳಲ್ಲಿತ್ತು. "ಎಳೆದರೆ ಬರಲ್ಲ. ಹಠ ಮಾಡೋ ಎಮ್ಮೆ ಥರ ನಿಂತುಬಿಡತ್ತೆ."

"ಎಲ್ಲಾ ಲೋಡೂ ಹಂಗೇನಾ?"

"ಎಲ್ಲಾನೂ. ದಿನ ಹೋದ ಹಾಗೆ ಇನ್ನೂ ಜಾಸ್ತಿ."

ಅವಳು ಅಂದೇ ಟಿಪ್ಪರಿನಿಂದ ಮಾದರಿ ತೆಗೆದು ಕಡೆಗೋಲಿಗೆ ಹಾಕಿದಳು. ಗೆರೆ ಎಲ್ಲಿರಬೇಕೋ ಅಲ್ಲೇ ಇತ್ತು. ಮಾರನೆಯ ದಿನ ಬೇರೆ ಲೋಡಿನದು ಹಾಕಿದಳು. ಅದೂ ಅಷ್ಟೇ. ಹಿಂದಿನ ವರ್ಷದ ಗೆರೆಗಳ ಜೊತೆ ಇಟ್ಟು ನೋಡಿದರೆ ಈ ವರ್ಷದ್ದು ಒಂದು ಕೂದಲೆಳೆ ಮೆದುವೇ ಇತ್ತು. ಅವಳು ನಂಬಲಿಲ್ಲ. ಯಂತ್ರ ಬಿಚ್ಚಿ ಹುಟ್ಟಿಗೆ ಅಂಟಿದ್ದ ಹಳೆಯ ಕರಿಯನ್ನು ಕೆರೆದಳು. ತೂಕದ ಕಲ್ಲುಗಳನ್ನು ತೂಗುಹಾಕಿ ಅಳತೆ ಸರಿಯಿದೆಯೇ ನೋಡಿದಳು. ಸರಿಯಾಗಿತ್ತು.

ಅಷ್ಟರಲ್ಲಿ ಅಣ್ಣನ ಮಾತಿನ ಮೇಲೆ ಮೇಸ್ತ್ರಿ ಎರಡು ಲೋಡು ವಾಪಸ್ಸು ಕಳಿಸಿದ್ದ. ಪ್ಲಾಂಟಿನವರು ಕೂಗಾಡಿದರು. ವಿಷಯ ಲ್ಯಾಬಿನ ಸಾಹೇಬರವರೆಗೆ ಹೋಯಿತು. ಸಾಹೇಬರು ನಿವೃತ್ತಿಯ ಅಂಚಿನಲ್ಲಿದ್ದ ಮೆತ್ತಗಿನ ಮನುಷ್ಯ. ಗೆರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು.

"ನೋಡಮ್ಮ, ನೀನೇ ಮಾಡಿರೋ ಪರೀಕ್ಷೆ. ಎಂಟು ಸಲ ಮಾಡಿದೀಯ. ಎಂಟೂ ಸರಿ ಇದೆ."

"ಯಂತ್ರಕ್ಕೆ ಕಾಣದ್ದು ಏನೋ ಇದೆ ಸರ್."

"ಬೇರೆ ಯಾರೂ ಗಟ್ಟಿ ಅಂತ ಹೇಳ್ತಿಲ್ಲವಲ್ಲ."

"ಬೇರೆಯವರಿಗೆ ಗೊತ್ತಾಗಲ್ಲ ಸರ್. ಯಂತ್ರ ತಪ್ಪಬಹುದು. ನಮ್ಮಣ್ಣನ ಕೈ ತಪ್ಪಲ್ಲ."

ಸಾಹೇಬರು ಕನ್ನಡಕ ಮೂಗಿಗಿಳಿಸಿ, "ಹಂಗಿದ್ರೆ ಆ ಕೈಯನ್ನೇ ಇಲ್ಲಿಗೆ ಕರೆಸೋಣ" ಎಂದರು.

ಅದಕ್ಕೆ ಮೊದಲಿನ ಭಾನುವಾರ ಅವಳು ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದಳು. ಹೋದಾಗ ಅತ್ತಿಗೆ ಅವನ ಅಂಗಿಯ ಗುಂಡಿ ಹಾಕುತ್ತಿದ್ದರು. "ಓಹೋ, ಈ ವಯಸ್ಸಲ್ಲಿ ಇದೇನು ಸರಸ!" ಎಂದು ಅವಳು ನಕ್ಕಳು. ಅಣ್ಣನೂ ನಕ್ಕ. ಅತ್ತಿಗೆ ನಗಲಿಲ್ಲ. ಊಟಕ್ಕೆ ಕೂತಾಗ ನೀರಿನ ಲೋಟ ಅವನ ಕೈಯಿಂದ ಜಾರಿತು. "ಮೊನ್ನೆಯಿಂದ ಮೂರನೇದು" ಎಂದರು ಅತ್ತಿಗೆ, ನೆಲ ಒರೆಸುತ್ತಾ. "ಆ ಹಾಳು ಡಾಂಬರು ಎಳೆದೂ ಎಳೆದೂ ಕೈ ಸೋತು ಹೋಗಿದೆ ಅಷ್ಟೇ" ಎಂದ ಅವನು. ತಂಗಿಗೆ ತನ್ನ ಪುಡಿಯ ಮೇಲೆ ಸಿಟ್ಟು ಬಂತು. ಅದು ಬಿಟ್ಟು ಇನ್ನೇನೂ ಅವಳಿಗೆ ಹೊಳೆಯಲಿಲ್ಲ. ಮುಂದೆ ಆ ಊಟವನ್ನು ನೆನೆದಾಗೆಲ್ಲ ಅವಳು ತನ್ನನ್ನು ತಾನೇ ಕುರುಡಿ ಎಂದು ಬೈದುಕೊಂಡಳು.

ಪರೀಕ್ಷೆಯ ದಿನ ಅವಳೇ ಮೂರು ಬಾಂಡ್ಲಿಗಳಲ್ಲಿ ಡಾಂಬರು ಸಿದ್ಧ ಮಾಡಿದಳು. ಒಂದರಲ್ಲಿ ಹಿಂದಿನ ವರ್ಷದ ಮಿಶ್ರಣ, ಇನ್ನೊಂದರಲ್ಲಿ ಈ ವರ್ಷದ್ದು. ಮೂರನೆಯದರಲ್ಲಿ ಈ ವರ್ಷದ್ದನ್ನೇ ರಸ್ತೆಯ ಮೇಲೆ ಎಂದೂ ಇರದಷ್ಟು ಬಿಸಿಯಲ್ಲಿ ಇಟ್ಟಳು, ನೀರಾಗಿ ಹರಿಯುವ ಹಾಗೆ. ಯಾವುದು ಯಾವುದೆಂದು ಅವಳಿಗೂ ಸಾಹೇಬರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬಿನ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಮೂರನ್ನೂ ಒಲೆಗಳ ಮೇಲಿಟ್ಟು ಮುಚ್ಚಿದಳು. ಮೇಸ್ತ್ರಿ ಬಂದ, ಪ್ಲಾಂಟಿನ ಮ್ಯಾನೇಜರು ಬಂದರು, ರೋಲರಿನ ಡ್ರೈವರು ಕುತೂಹಲಕ್ಕೆ ಬಂದು ಗೋಡೆಗೊರಗಿ ನಿಂತ. ಅಣ್ಣ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ಹೆಣ್ಣು ನೋಡೋಕೆ ಬಂದ ಹಾಗೆ ಬಂದಿದೀಯಲ್ಲೋ ಇಸ್ತ್ರಿ" ಎಂದ ಮೇಸ್ತ್ರಿ. "ಮೂರಿದಾವೆ ನೋಡು, ಒಪ್ಪಿಗೆಯಾದದ್ದು ಹೇಳು."

ಎಲ್ಲರೂ ನಕ್ಕರು. ತಂಗಿ ಅವನ ಕೈಗೆ ಗಿಡ್ಡ ಹಿಡಿಯ ರೇಕು ಕೊಟ್ಟು ಮೊದಲ ಮುಚ್ಚಳ ತೆಗೆದಳು. ಅವನು ಎಳೆದ. ಇನ್ನೊಮ್ಮೆ ಎಳೆದ.

"ಗಟ್ಟಿ" ಎಂದ.

ಅದು ಹಿಂದಿನ ವರ್ಷದ್ದು. ಅವನೇ ಬೆಣ್ಣೆ ಎಂದು ಹೊಗಳಿದ್ದದ್ದು. ಅವಳು ಮುಖದ ಮೇಲೆ ಏನನ್ನೂ ತೋರಗೊಡದೆ ಎರಡನೆಯದನ್ನು ತೆಗೆದಳು.

"ಇದೂ ಗಟ್ಟಿ."

ಮೂರನೆಯದನ್ನು ತೆಗೆದಾಗ ಕಾವು ಎಲ್ಲರ ಮುಖಕ್ಕೂ ಹೊಡೆಯಿತು. ನೀಲಿ ಹೊಗೆ ಎದ್ದಿತು. ಮೂವತ್ತು ವರ್ಷ ಡಾಂಬರಿನ ಮುಂದೆ ನಿಂತವನಿಗೆ ಆ ಹೊಗೆ ನೋಡಿದರೇ ಸಾಕಿತ್ತು, ಇದು ಎಷ್ಟು ಸಡಿಲ ಇರಬೇಕು ಎಂದು ಹೇಳಲು. ಕಣ್ಣುಮುಚ್ಚಿ 'ಇದು ಸರಿ ಇದೆ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ರೇಕು ಊರಿ ಎಳೆದ. ಅವನ ಹಣೆಯಲ್ಲಿ ಬೆವರು ಮೂಡಿತು.

"ಬಿಸಿ ಬಹಳ ಇದೆ" ಎಂದ ಮೆಲ್ಲಗೆ. "ಸಡಿಲ ಇರಬೇಕು ಇದು. ಆದರೂ ಬರ್ತಿಲ್ಲ."

ಮ್ಯಾನೇಜರು ಸಾಹೇಬರ ಕಡೆ ನೋಡಿ ಹುಬ್ಬು ಹಾರಿಸಿದರು. ರೋಲರಿನ ಡ್ರೈವರು ಕಿಸಕ್ಕೆಂದ. ತಂಗಿಗೆ ಕಿವಿಯವರೆಗೆ ಬಿಸಿಯೇರಿತು. ವಾರಗಟ್ಟಲೆ ಅವನ ಪರವಾಗಿ ಎಲ್ಲರ ಜೊತೆ ಜಗಳಾಡಿದ್ದಳು. ಈಗ ಅವರೆಲ್ಲರ ಎದುರು ಅವನು ಹೀಗೆ ಮಾಡುತ್ತಿದ್ದಾನೆ.

"ಅಣ್ಣಾ, ಆಟ ಆಡಬೇಡ" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಇಷ್ಟು ಜನ ಕೆಲಸ ಬಿಟ್ಟು ನಿನ್ನ ಮುಂದೆ ನಿಂತಿದಾರೆ. ನನ್ನ ಮರ್ಯಾದೆ ತೆಗೀಬೇಡ. ಸರಿಯಾಗಿ ಹಿಡ್ಕೊಂಡು ಎಳಿ!"

ಅವನು ಅವಳ ಮುಖ ನೋಡಿದ. ರೇಕನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಊರಿದ. ಎಳೆಯಲು ಹೋದಾಗ ಹಿಡಿ ಅವನ ಬೆರಳುಗಳೊಳಗಿಂದ ಜಾರಿ ಕಟ್ಟೆಯ ಮೇಲೆ ಬಿದ್ದು ಠಣ್ಣೆಂದಿತು. ಬೆರಳುಗಳು ಇನ್ನೂ ಹಿಡಿದೇ ಇದ್ದ ಹಾಗೆ ಅರ್ಧ ಮಡಚಿಕೊಂಡಿದ್ದವು.

ಆಗ ಅವಳು ಆ ಕೈಯನ್ನು ನೋಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದಪ್ಪಗೆ ಇರಬೇಕಿದ್ದ ಮಾಂಸ ಇರಲೇ ಇಲ್ಲ. ಅಲ್ಲಿ ಬೆರಳಿಟ್ಟರೆ ಮುಳುಗುವಂಥ ಗುಳಿ. ಮುಂಗೈಯ ಚರ್ಮದ ಕೆಳಗೆ ಏನೋ ಸಣ್ಣದು ಬಿಟ್ಟುಬಿಟ್ಟು ಅದುರುತ್ತಿತ್ತು, ಮಳೆಹನಿ ಬಿದ್ದ ನೀರಿನ ಹಾಗೆ. ಅವನು ಅದನ್ನು ನಿಲ್ಲಿಸಲು ಇನ್ನೊಂದು ಕೈಯಿಂದ ಅದುಮಿ ಹಿಡಿದ. ಇನ್ನೊಂದು ಕೈಯೂ ಹಾಗೇ ಇತ್ತು.

ಮೇಸ್ತ್ರಿ ಬಗ್ಗಿ ರೇಕು ಎತ್ತಿಕೊಂಡು ಮೂರನೆಯ ಬಾಂಡ್ಲಿಯಲ್ಲಿ ಎಳೆದ. "ಅಲ್ಲೋ, ಇದು ಗಂಜಿ ಥರ ಬರ್ತಿದೆಯಲ್ಲೋ ಮಾರಾಯ..." ಎಂದವನು ಅಣ್ಣನ ಮುಖ ನೋಡಿ ಬಾಯಿ ಮುಚ್ಚಿದ. ಉಳಿದೆರಡನ್ನು ಅವನು ಮುಟ್ಟಲೂ ಇಲ್ಲ. ರೇಕನ್ನು ಗೋಡೆಗೆ ಒರಗಿಸಿ, "ನಡೀರಿ ನಡೀರಿ, ಕೆಲಸ ಇದೆ" ಎಂದು ಎಲ್ಲರನ್ನೂ ಕರೆದುಕೊಂಡು ಹೋದ.

ವರದಿ ಬರೆಯಬೇಕಿತ್ತು. ಸಾಹೇಬರು ಕೇಳಲಿಲ್ಲ. ಮೂರು ದಿನ ಖಾಲಿ ಹಾಳೆ ಅವಳ ಮೇಜಿನ ಮೇಲೇ ಇತ್ತು. ಮಿಶ್ರಣ ಸರಿಯಿದೆ ಎಂದು ಬರೆದರೆ ಏನು ಸರಿಯಿಲ್ಲ ಎಂಬುದನ್ನೂ ಬರೆದ ಹಾಗೆ. ನಾಲ್ಕನೆಯ ದಿನ ಅಣ್ಣನೇ ಲ್ಯಾಬಿಗೆ ಬಂದು ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ.

"ಬರೆದೆಯಾ?"

"ಇಲ್ಲ."

"ಬರಿ ಪುಟ್ಟಿ. ಡಾಂಬರಿನ ಮೇಲೆ ಸುಳ್ಳು ಬರೀಬಾರದು. ನಾಳೆ ನಾಲ್ಕು ಜನ ಓಡಾಡೋ ರಸ್ತೆ ಅದು."

ಅವಳು ಅವನ ಎದುರಿಗೇ ಬರೆದಳು. ಮಿಶ್ರಣದಲ್ಲಿ ದೋಷ ಕಂಡುಬಂದಿಲ್ಲ, ಹದ ನಿಗದಿತ ಮಿತಿಯೊಳಗಿದೆ. ಕೆಳಗೆ ಸಹಿ ಹಾಕಿದಳು. ಹದಿನೈದು ವರ್ಷಗಳಲ್ಲಿ ಸಾವಿರಾರು ಸಲ ಹಾಕಿದ್ದ ಸಹಿ. ಆ ದಿನ ಅದು ಬೇರೆ ಯಾರದೋ ಅಕ್ಷರದಂತೆ ಸೊಟ್ಟಗೆ ಬಂತು.

ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಪರೀಕ್ಷೆಗಳಾದವು. ಕೈಗೆ ಕಾಲಿಗೆ ಸೂಜಿ ಚುಚ್ಚಿ ಅವನ ಸ್ನಾಯುಗಳ ಗೆರೆ ತೆಗೆದರು. ಪರದೆಯ ಮೇಲೆ ಏರಿಳಿಯುವ ಆ ಗೆರೆಗಳನ್ನು ತಂಗಿಯೂ ನೋಡುತ್ತಾ ನಿಂತಿದ್ದಳು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ನೋಡುತ್ತಿದ್ದ ಡಾಕ್ಟರಮ್ಮನ ಮುಖ ಮಾತ್ರ ಅರ್ಥವಾಯಿತು.

ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಸ್ನಾಯುಗಳಿಗೆ ಅಲುಗು ಎಂದು ಹೇಳುವ ನರಗಳು ಒಂದೊಂದಾಗಿ ಸಾಯುತ್ತಿವೆ. ಕೈಯಿಂದ ಶುರುವಾಗಿದೆ. ಕಾಲಿಗೆ, ನಾಲಿಗೆಗೆ, ಕೊನೆಗೆ ಉಸಿರಿಗೆ ಬರುತ್ತದೆ. ಬುದ್ಧಿಗೆ, ನೆನಪಿಗೆ ಏನೂ ಆಗುವುದಿಲ್ಲ. ತಡೆಯುವ ಔಷಧಿ ಇನ್ನೂ ಇಲ್ಲ.

ಅತ್ತಿಗೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ತಂಗಿಯ ಕಡೆ ತಿರುಗಿ, "ಹಂಗಾದ್ರೆ ನಿನ್ನ ಪುಡಿ ಸರಿ ಇದೆ ಅನ್ನು" ಎಂದ.

ಅವಳು ಹೊರಗೆ ಬಂದ ಮೇಲೆ ಡಾಕ್ಟರಮ್ಮನನ್ನು ಮತ್ತೆ ಹುಡುಕಿಕೊಂಡು ಹೋದಳು. "ಡಾಂಬರಿನ ಹೊಗೆಯಿಂದ ಬಂತಾ ಇದು? ಸೀಮೆಎಣ್ಣೆಯಿಂದ ಬಂತಾ? ಭಾರ ಎಳೆದು ಬಂತಾ?" ಎಂದು ಕೇಳಿದಳು. ಅವರು ತಲೆಯಾಡಿಸಿದರು. "ಬಹಳ ಜನಕ್ಕೆ ಯಾಕೆ ಬರುತ್ತೆ ಅಂತ ನಮಗೇ ಗೊತ್ತಿಲ್ಲಮ್ಮ. ಯಾರ ತಪ್ಪೂ ಅಲ್ಲ." ಅವಳಿಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಅವಳ ಕೆಲಸದಲ್ಲಿ ರಸ್ತೆ ಬಿರುಕು ಬಿಟ್ಟರೆ ಕಾರಣ ಇರುತ್ತಿತ್ತು. ತುಂಡು ಕೊರೆದು ತಂದು, ಕರಗಿಸಿ, ಸೋಸಿ, ತೂಗಿ ನೋಡಿದರೆ ಎಲ್ಲಿ ಎಡವಿದ್ದೇವೆ ಎಂದು ಸಿಕ್ಕೇ ಸಿಗುತ್ತಿತ್ತು.

ಅವಳು ತನ್ನ ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ಬಂದಳು. ಅರ್ಧ ದಿನ ಕೆಲಸ, ಅರ್ಧ ದಿನ ರಜೆ ಎಂದು ಸಾಹೇಬರು ಮಾಡಿಕೊಟ್ಟರು. ಮೊದಲ ಕೆಲವು ತಿಂಗಳು ಅವನು ನಡೆಯುತ್ತಿದ್ದ. ಬೀದಿಯ ತುದಿಯವರೆಗೆ ಹೋಗಿ, ಅಲ್ಲಿ ಯಾರೋ ಹಾಕಿದ್ದ ತೇಪೆಯನ್ನು ಕಾಲಿನಿಂದ ಒತ್ತಿ ನೋಡಿ, "ಮದುವೆ ಮನೇಲಿ ಹಪ್ಪಳ ಬಡಿಸಿದ ಹಾಗೆ ಇಟ್ಟು ಹೋಗಿದಾರೆ" ಎಂದು ಬೈದು ವಾಪಸ್ಸು ಬರುತ್ತಿದ್ದ. ಆಮೇಲೆ ಮೆಟ್ಟಿಲು ಇಳಿಯುವುದು ನಿಂತಿತು. ಆಮೇಲೆ ಕುರ್ಚಿ. ಆಮೇಲೆ ಹಾಸಿಗೆ.

ಮೇಸ್ತ್ರಿ ವಾರಕ್ಕೊಮ್ಮೆ ತಂಡದ ಇಬ್ಬರನ್ನು ಕಟ್ಟಿಕೊಂಡು ಬರುತ್ತಿದ್ದ. ಕೋಣೆಯೊಳಗೆ ಬರುವ ಮೊದಲು ಮೂವರೂ ಬಚ್ಚಲಲ್ಲಿ ಕಾಲು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಬಂದು ಕೂತ ಮೇಲೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. "ನೀನಿಲ್ಲದೆ ಅಂಚೆಲ್ಲ ಇಲಿ ಕಡಿದ ಹಾಗಾಗ್ತಿದೆ ಕಣೋ" ಎಂದು ಮೇಸ್ತ್ರಿ ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದ. ಅಣ್ಣ ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ನಗುತ್ತಿದ್ದ. ಹೋಗುವಾಗ ಮೇಸ್ತ್ರಿ ಬಾಗಿಲ ಹೊರಗೆ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ ಬಹಳ ಹೊತ್ತು ಹಾಗೇ ಇರುತ್ತಿದ್ದ.

ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಹೋಗಿದ್ದಾಗ ಅವಳು ಅಣ್ಣನಿಗೆ ಗಂಜಿ ಕುಡಿಸುತ್ತಿದ್ದಳು. ತೆಳುವಾದರೆ ಉಸಿರಿನ ದಾರಿಗೆ ಹೋಗಿ ಕೆಮ್ಮು ಹತ್ತುತ್ತಿತ್ತು, ಗಟ್ಟಿಯಾದರೆ ನುಂಗಲಾಗುತ್ತಿರಲಿಲ್ಲ. ಪ್ರತಿ ಸಲವೂ ಚಮಚ ಓರೆ ಮಾಡಿ, ಎಷ್ಟು ಹೊತ್ತಿಗೆ ಜಾರುತ್ತದೆ ಎಂದು ನೋಡಿಯೇ ಬಾಯಿಗಿಡುತ್ತಿದ್ದಳು. ಅವನ ಮಾತು ಆಗಲೇ ತೊದಲಲು ಶುರುವಾಗಿತ್ತು. ಅರ್ಧ ಗಂಜಿ ಮುಗಿದ ಮೇಲೆ ಅವನು ಸಾಕೆಂದು ತಲೆ ಅಲ್ಲಾಡಿಸಿದ.

"ಪುಟ್ಟೀ, ನಂಗೆ ಮೊದಲೇ ಗೊತ್ತಿತ್ತು ಕಣೆ."

"ಏನು ಗೊತ್ತಿತ್ತು?"

"ಡಾಂಬರಿನದಲ್ಲ, ನನ್ನದೇ ಏನೋ ಅಂತ. ಬೀಗ ತೆಗೆಯೋಕೆ ಆಗ್ತಿರಲಿಲ್ಲ. ಗುಂಡಿ ಹಾಕೋಕೆ ಆಗ್ತಿರಲಿಲ್ಲ. ಅಲ್ಲೇನು ಡಾಂಬರು ಇತ್ತಾ?"

"ಮತ್ತೆ ಯಾಕೆ ಡಾಂಬರು ಅಂತ ಹೇಳಿದೆ?"

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಡಾಂಬರಿನದು ಅಂತಾದ್ರೆ ನೀನು ಸರಿ ಮಾಡ್ತೀಯ ಅಂದ್ಕೊಂಡೆ."

ಅವಳು ಬಟ್ಟಲನ್ನು ನೆಲದ ಮೇಲಿಟ್ಟು ಅವನ ಎದೆಯ ಮೇಲೆ ಹಣೆಯಿಟ್ಟಳು. ಅವನಿಗೆ ತಲೆ ಸವರಲು ಕೈ ಏಳುತ್ತಿರಲಿಲ್ಲ. ಗಲ್ಲವನ್ನು ಅವಳ ಕೂದಲಿನ ಮೇಲೆ ಊರಿದ.

"ಅವತ್ತು ಎಲ್ಲರೆದುರು ಬೈದುಬಿಟ್ಟೆ ಅಣ್ಣ. ಮರ್ಯಾದೆ ತೆಗೀಬೇಡ ಅಂದುಬಿಟ್ಟೆ."

"ಯಾವತ್ತು?"

"ಬಾಂಡ್ಲಿ ಇಟ್ಟ ದಿನ."

"ನಂಗೆ ನೆನಪೇ ಇಲ್ಲವಲ್ಲೇ" ಎಂದ.

ಡಾಕ್ಟರಮ್ಮ ಹೇಳಿದ್ದು ಅವಳಿಗೆ ನೆನಪಿತ್ತು. ನೆನಪಿಗೆ ಏನೂ ಆಗುವುದಿಲ್ಲ.

ಕಾಯಿಲೆ ಗೊತ್ತಾದ ಹನ್ನೊಂದನೆಯ ತಿಂಗಳಿಗೆ ಮಾತು ಪೂರ್ತಿ ಹೋಯಿತು. ಅವಳು ದೊಡ್ಡ ರಟ್ಟಿನ ಮೇಲೆ ವರ್ಣಮಾಲೆ ಬರೆದಳು. ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋಗುವುದು. ಬೇಕಾದ ಅಕ್ಷರ ಬಂದಾಗ ಅವನು ಕಣ್ಣು ಮಿಟುಕಿಸುವುದು. ಆಮೇಲೆ ಕಾಗುಣಿತದ ಸಾಲು, ಅಲ್ಲಿ ಇನ್ನೊಂದು ಮಿಟುಕು. ಒತ್ತಕ್ಷರಗಳನ್ನು ಅವನು ಬಿಟ್ಟೇಬಿಟ್ಟ. ಹೀಗಾಗಿ ಅವನ ಮಾತೆಲ್ಲ ಒಂದನೇ ತರಗತಿಯ ಹುಡುಗ ಬರೆದ ಹಾಗೆ ಬರುತ್ತಿತ್ತು. ಅಕಿ ಇದೆಯಾ ಎಂದು ಒಂದು ದಿನ ಕೇಳಿದ. ಮನೆಯಲ್ಲಿ ಅಕ್ಕಿ ಇದೆಯಾ ಎಂದು. ಅತ್ತಿಗೆ ನಕ್ಕು, ಆಮೇಲೆ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಇನ್ನೊಂದು ದಿನ, ಅತಿಗೆನ ನೋಡಿಕೊ ಎಂದು ಮೂರು ಸಲ ನಿಲ್ಲಿಸಿ ನಿಲ್ಲಿಸಿ ಹೇಳಿ ಮುಗಿಸಿದ.

ಹದಿಮೂರನೆಯ ತಿಂಗಳ ಒಂದು ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಿದ್ದಳು. ಅತ್ತಿಗೆ ಅವನ ಮುಖ ಒರೆಸುತ್ತಿದ್ದರು. ಅವನ ಕಣ್ಣುಗಳು ರಟ್ಟಿನ ಕಡೆಗೆ ಹೋಗಿ ಅಲ್ಲೇ ನಿಂತವು. "ಏನೋ ಹೇಳ್ಬೇಕಂತೆ ಕಣೆ" ಎಂದರು ಅತ್ತಿಗೆ. ಅವಳು ಚೀಲ ಕೆಳಗಿಟ್ಟು ರಟ್ಟು ಹಿಡಿದು ಓದಿದಳು. ಬ ಎಂದಾಗ ಮಿಟುಕಿಸಿದ. ಕಾಗುಣಿತದಲ್ಲಿ ಬಾ ಎಂದಾಗ ಮಿಟುಕಿಸಿದ. ಮುಂದಿನ ಅಕ್ಷರಕ್ಕೆ ಅವಳು ಮತ್ತೆ ಮೊದಲಿನಿಂದ ಓದಿದಳು. ಕೊನೆಯವರೆಗೆ ಓದಿದಳು. ಕಣ್ಣು ಅಲುಗಲಿಲ್ಲ. ಮತ್ತೊಮ್ಮೆ ಓದಿದಳು.

"ಬಾಗಿಲಾ ಅಣ್ಣ? ಬಾಗಿಲು ತೆಗೀಬೇಕಾ?"

ತೆಗೆದಳು. ಅಲ್ಲ.

"ಹಾಕಬೇಕಾ? ಬಾಯಿ ಒಣಗಿದೆಯಾ? ಬಾವು ಬಂದಿದೆಯಾ ಎಲ್ಲಾದರೂ?"

ಯಾವುದೂ ಅಲ್ಲ. ಬಾ ಇಂದ ಶುರುವಾಗುವ ಎಲ್ಲವನ್ನೂ ಇಬ್ಬರೂ ಹೇಳಿದರು. ಅವನು ಅವಳನ್ನೂ ಅತ್ತಿಗೆಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಆಮೇಲೆ ದಣಿದು ಕಣ್ಣು ಮುಚ್ಚಿದ. "ಮಲಗಲಿ ಬಿಡು, ಎದ್ದ ಮೇಲೆ ಕೇಳೋಣ" ಎಂದರು ಅತ್ತಿಗೆ. ಅವಳು ಲ್ಯಾಬಿಗೆ ಹೋದಳು. ಮಾದರಿ ಓವನ್ನಿಗಿಟ್ಟು ಇನ್ನೂ ಕಾದಿರಲಿಲ್ಲ, ಸಾಹೇಬರು ಅವಳ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಫೋನಿತ್ತು. ಅವರು ಬಾಯಿ ತೆರೆಯುವ ಮೊದಲೇ ಅವಳು ಎದ್ದಳು.

ಮೇಸ್ತ್ರಿಯೂ ತಂಡದವರೂ ಅಂದಿನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ಕೆಲಸದ ಬಟ್ಟೆಯಲ್ಲೇ ಬಂದು ಅವನನ್ನು ಹೊತ್ತರು. "ಎಷ್ಟು ಹಗುರ ಆಗಿಬಿಟ್ಟಿದಾನಲ್ಲಮ್ಮ" ಎಂದು ಮೇಸ್ತ್ರಿ ಎಲ್ಲರೆದುರೇ ಅತ್ತ.

ಅವಳು ಆ ಮನೆಯಲ್ಲೇ ಉಳಿದಳು. ಬೆಳಗ್ಗೆ ಲ್ಯಾಬಿಗೆ ಹೋಗುತ್ತಾಳೆ, ಡಾಂಬರು ಕಾಯಿಸುತ್ತಾಳೆ, ಗೆರೆ ನೋಡುತ್ತಾಳೆ, ಸಹಿ ಹಾಕುತ್ತಾಳೆ. ಸಂಜೆ ಇಬ್ಬರೂ ಹೆಂಗಸರು ಎದುರುಬದುರು ಕೂತು ಊಟ ಮಾಡುತ್ತಾರೆ. ಹೀಗೇ ಒಂದು ಸಂಜೆ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ಕೇಳಿದರು.

"ಅಲ್ಲಾ, ಅವತ್ತು ಅವರು ಹೇಳಿದ್ದು ಅಷ್ಟೇ ಇದ್ದಿರಬಹುದಲ್ಲ? ಮುಂದೆ ಅಕ್ಷರ ಇರಲೇ ಇಲ್ಲವೇನೋ. ಬಾ. ಅಷ್ಟೇ."

ತಂಗಿ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಆ ದಿನ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟಿದ್ದವಳು ಅವಳೊಬ್ಬಳೇ. ಅದನ್ನೇ ಅವಳು ಇಷ್ಟು ದಿನ ಯೋಚಿಸದೆ ಇದ್ದದ್ದು.

"ನಿನ್ನನ್ನೇ ಕರೆದಿದ್ದು ಕಣೆ" ಎಂದರು ಅತ್ತಿಗೆ.

"ಇಲ್ಲ ಅತ್ತಿಗೆ. ನಿಮ್ಮನ್ನ."

"ನಾನು ಪಕ್ಕದಲ್ಲೇ ಇದ್ದೆನಲ್ಲ. ಪಕ್ಕದಲ್ಲಿ ಇದ್ದವರನ್ನ ಯಾರಾದ್ರೂ ಬಾ ಅಂತಾರಾ?"

ಅತ್ತಿಗೆ ಮತ್ತೆ ನಲ್ಲಿ ತಿರುಗಿಸಿದರು. ಉಳಿದಿದ್ದ ಎರಡು ಲೋಟಗಳನ್ನು ತೊಳೆದು ಅವಳ ಕಡೆ ಚಾಚಿದರು. ಅವಳು ತೆಗೆದುಕೊಂಡು ಒರೆಸಿದಳು.